ಹಿತ್ತಲ ಹೂವಿನ ಚಿತ್ರ

ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಬೆಳಗಿನ ಜಾವ ಮೂಟೆಗಟ್ಟಲೆ ಬರುವ ಸೇವಂತಿಗೆ, ಗುಲಾಬಿ ಸಾಗಾಟ ತಾಳಬೇಕು, ಮಾರಾಟವಾಗುವ ತನಕ ಬಾಡದೆ ಉಳಿಯಬೇಕು. ಮನೆಯ ಹಿತ್ತಲಲ್ಲೋ ತಾರಸಿಯ ಕುಂಡದಲ್ಲೋ ಅರಳುವ ಹೂವಿಗೆ ಆ ಕಟ್ಟುಪಾಡಿಲ್ಲ. ಸಂಜೆಮಲ್ಲಿಗೆ ಇಳಿಹೊತ್ತಿನಲ್ಲಿ ಬಿಚ್ಚಿಕೊಂಡು ಮರುಬೆಳಿಗ್ಗೆ ಮುದುಡುತ್ತದೆ. ಪಾರಿಜಾತ ಹೊತ್ತು ಮೂಡುವಷ್ಟರಲ್ಲಿ ನೆಲ ಸೇರಿರುತ್ತದೆ. ದಾಸವಾಳಕ್ಕೆ ಸಾಮಾನ್ಯವಾಗಿ ಒಂದೇ ದಿನದ ಆಯಸ್ಸು. ಇವುಗಳ ಫೋಟೊ ತೆಗೆಯಬೇಕೆನ್ನುವವರು ಮೊದಲು ಹೂವಿನ ವೇಳೆ ತಿಳಿದುಕೊಳ್ಳಬೇಕು. ಕ್ಯಾಮೆರಾದ ಮಾತು ಆಮೇಲೆ.

ಬೆಳಕಿಗೂ ವೇಳೆಯುಂಟು. ಬೇಸಿಗೆಯಲ್ಲಿ ಗೌರಿಬಿದನೂರಿನ ಕಡೆ ಒಂಬತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ. ಆ ಬಿಸಿಲಿನಲ್ಲಿ ಎಸಳಿನ ಒಂದು ಬದಿ ಬೆಳ್ಳಗೆ ಹೊಳೆದು, ಇನ್ನೊಂದು ಬದಿ ಕಪ್ಪು ನೆರಳಾಗುತ್ತದೆ. ಹಳೆಯ ಬಿಳಿ ಪಂಚೆಯೊಂದನ್ನು ಹೂವಿನ ಮೇಲೆ ಚಪ್ಪರದಂತೆ ಹಿಡಿದರೆ ಬೆಳಕು ಹರಡಿ ಮೆತ್ತಗಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ನಂದಿಬೆಟ್ಟದ ಸುತ್ತ ಮಂಜು ಕವಿದ ಬೆಳಿಗ್ಗೆ ಪಂಚೆಯೂ ಬೇಡ.

ಗಾಳಿಯದು ದೊಡ್ಡ ಕಾಟ. ಆಷಾಢದಲ್ಲಿ ತೆಳು ತೊಟ್ಟಿನ ಹೂ ಕ್ಷಣಕಾಲವೂ ಅಲುಗದೆ ನಿಲ್ಲುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ಮನೆಗಳಲ್ಲಿ ಹುಳು ಗೂಡು ಕಟ್ಟಲು ಬಳಸುವ ಬಿದಿರಿನ ಚಂದ್ರಂಕಿ ಇರುತ್ತದಲ್ಲ, ಹಳೆಯದೊಂದಕ್ಕೆ ಬಟ್ಟೆ ಹೊದಿಸಿ ಗಾಳಿ ಬೀಸುವ ಕಡೆ ಒರಗಿಸಿದರೆ ಒಳ್ಳೆಯ ಮರೆ. ಶಟರ್ ವೇಗವನ್ನು ಸೆಕೆಂಡಿನ 500ನೇ ಒಂದು ಭಾಗಕ್ಕೆ ಏರಿಸಿದರೆ ಸಣ್ಣ ಅಲುಗಾಟ ಚಿತ್ರದಲ್ಲಿ ಕಾಣುವುದಿಲ್ಲ.

ಬಿಳಿ ಹೂವಿನ ಬಗ್ಗೆ ತುಸು ಹೆಚ್ಚು ಹೇಳಬೇಕು. ಎದುರಿನ ದೃಶ್ಯವೆಲ್ಲ ಸೇರಿ ನಡುಮಟ್ಟದ ಬೆಳಕಿನದು ಎಂದೇ ಕ್ಯಾಮೆರಾ ಎಣಿಸುತ್ತದೆ. ಚೌಕಟ್ಟಿನ ತುಂಬ ಮಲ್ಲಿಗೆಯೋ ನಂದಿಬಟ್ಟಲೋ ಇದ್ದರೆ ಅದನ್ನೂ ಆ ಮಟ್ಟಕ್ಕೆ ಇಳಿಸಿ ಬೂದಿಬಣ್ಣ ಮಾಡಿಬಿಡುತ್ತದೆ. ಹೆಚ್ಚಿನ ಮೊಬೈಲ್‌ಗಳಲ್ಲಿ ಪರದೆಯ ಮೇಲೆ ಹೂವನ್ನು ಮುಟ್ಟಿ, ಬೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿದರೆ ಬಿಳುಪು ಮರಳುತ್ತದೆ. ಕಡುಕೆಂಪು ದಾಸವಾಳಕ್ಕೆ ಬೆರಳು ಕೆಳಕ್ಕೆ ಸರಿಯಬೇಕು. ಇಲ್ಲವಾದರೆ ಎಸಳಿನ ನರಗಳೆಲ್ಲ ಅಳಿಸಿ ಕೆಂಪು ಮುದ್ದೆಯಷ್ಟೇ ಉಳಿಯುತ್ತದೆ.

ಬಿಳಿ ಹೂಗಳಲ್ಲೆಲ್ಲ ಕಷ್ಟದ್ದೆಂದರೆ ಬ್ರಹ್ಮಕಮಲ. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿಜಾತಿಯ ಗಿಡ. ಹಿಮಾಲಯದ ಬ್ರಹ್ಮಕಮಲ ಬೇರೆಯೇ. ನಮ್ಮ ಮನೆಗಳದು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡಿಹೋಗುತ್ತದೆ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಆರತಿ ಎತ್ತಿ, ಮೊಬೈಲ್ ಫ್ಲ್ಯಾಶ್ ಹಾಕಿ ಚಿತ್ರ ತೆಗೆಯುತ್ತಾರೆ. ನೇರ ಫ್ಲ್ಯಾಶಿನಲ್ಲಿ ಎಸಳಿನ ನೆರಿಗೆಗಳು ಕಾಣದೆ ಹೂ ಸುಣ್ಣ ಬಳಿದಂತಾಗುತ್ತದೆ. ಫ್ಲ್ಯಾಶ್ ಬಿಡಿ. ಮೊಬೈಲನ್ನು ಸ್ಟೂಲಿನ ಮೇಲೆ ಅಲುಗದಂತೆ ನಿಲ್ಲಿಸಿ, ಟಾರ್ಚನ್ನು ಹೂವಿನ ಹಿಂಬದಿಯಿಂದ ಓರೆಯಾಗಿ ಹಿಡಿಸಿ. ಬೆಳಕು ಎಸಳನ್ನು ಹಾದು ಬಂದಾಗ ಅದೆಷ್ಟು ತೆಳುವೆಂದು ತಿಳಿಯುತ್ತದೆ. ಕಣ್ಣಿಗೆ ಕಂಡ ಆ ನವಿರು ಚಿತ್ರದಲ್ಲೂ ಉಳಿದರೆ ನಿದ್ದೆಗೆಟ್ಟದ್ದು ಸಾರ್ಥಕ.

ಹಿನ್ನೆಲೆ ಸರಳವಾಗಿರಲಿ. ಬಟ್ಟೆ ಒಣಹಾಕಿದ ಹಗ್ಗ, ನೀರಿನ ಡ್ರಮ್ಮು ಕಾಣದಂತೆ ಹೂವಿನ ಹಿಂದೆ ಒಂದು ರಟ್ಟು ಹಿಡಿದರಾಯಿತು. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಕಲಾಶಿಕ್ಷಕರು ಮೊಗ್ಗು, ಎಲೆ, ಚಿಗುರುಗಳನ್ನು ಖಾಲಿ ಹಿನ್ನೆಲೆಯೆದುರು ದಶಕಗಳ ಕಾಲ ಕ್ಯಾಮೆರಾದಲ್ಲಿ ಸೆರೆಹಿಡಿದರು. 1928ರಲ್ಲಿ ಅವು ಪುಸ್ತಕವಾದಾಗ ಕಲಾಲೋಕ ಬೆರಗಾಯಿತು.

ಇಬ್ಬನಿಯಂತೆ ಕಾಣಲೆಂದು ಹೂವಿಗೆ ನೀರು ಚಿಮುಕಿಸುವವರಿದ್ದಾರೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅದು ಬೇಡ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿ ಯಾವುದೂ ಇಲ್ಲಿ ವರ್ಷವಿಡೀ ಹರಿಯುವುದಿಲ್ಲ. ಚಿಂತಾಮಣಿಯಾಗಲಿ ಶಿಡ್ಲಘಟ್ಟವಾಗಲಿ, ನೆಚ್ಚಿರುವುದು ಕೊಳವೆಬಾವಿಯನ್ನು. ಆ ಗಡುಸು ನೀರು ಒಣಗಿದ ಮೇಲೆ ಎಸಳಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ನೀರನ್ನು ಬುಡಕ್ಕೆ ಹಾಕಿ. ಚಿತ್ರಕ್ಕೋಸ್ಕರ ಹೂ ಕೀಳಬೇಡಿ. ಗಿಡದಲ್ಲೇ ಇದ್ದರೆ ಜೇನ್ನೊಣವೂ ಬರುತ್ತದೆ, ಚಿತ್ರದೊಳಕ್ಕೂ ಬಂದೀತು. ತೆಗೆದ ಪ್ರತಿ ಚಿತ್ರದ ಜೊತೆ ಹೂವಿನ ಹೆಸರು, ಊರು, ತಾರೀಖು ಬರೆದಿಡಿ.