ಇಲಿಯ ಗುಲ್ಮದಿಂದ ಕ್ಯಾನ್ಸರ್ ವಾರ್ಡಿಗೆ

ರೋಗಾಣು ಮೈಹೊಕ್ಕರೆ ನಮ್ಮ ದೇಹ ಒಂದೇ ಬಗೆಯ ಪ್ರತಿಕಾಯ ತಯಾರಿಸಿ ಸುಮ್ಮನಾಗುವುದಿಲ್ಲ. ಹಲವಾರು ಬಿ ಕೋಶಗಳು ಎಚ್ಚೆತ್ತು, ಒಂದೊಂದೂ ತನ್ನದೇ ಆಕಾರದ ಪ್ರತಿಕಾಯ ಸುರಿಸುತ್ತದೆ. ದೇಹಕ್ಕೆ ಈ ಬೆರಕೆ ಒಳ್ಳೆಯದು. ಔಷಧ ಮಾಡಹೊರಟವರಿಗೆ ಅದೇ ತೊಡಕು. ಬೇಕಾದ ಒಂದನ್ನೇ ಕೊಡುವ ಕೋಶವನ್ನು ಹೆಕ್ಕಿದರೂ ಗಾಜಿನ ತಟ್ಟೆಯಲ್ಲಿ ಅದು ಬೇಗ ಸಾಯುತ್ತಿತ್ತು.

ಸಾಯದ ಕೋಶವೂ ಒಂದಿತ್ತು, ಮೈಲೋಮಾ ಎಂಬ ಕ್ಯಾನ್ಸರಿನದು. ಕೇಂಬ್ರಿಜ್‌ನ ಎಂಆರ್‌ಸಿ ಪ್ರಯೋಗಾಲಯದಲ್ಲಿ ಅರ್ಜೆಂಟೀನಾ ಮೂಲದ ಸೀಸರ್ ಮಿಲ್‌ಸ್ಟೈನ್ ಮತ್ತು ಜರ್ಮನಿಯ ತರುಣ ಜಾರ್ಜ್ ಕೋಲರ್ ಈ ಎರಡನ್ನೂ ಬೆಸೆದರು. ಇಲಿಗೆ ಕುರಿಯ ಕೆಂಪು ರಕ್ತಕಣ ಚುಚ್ಚಿ, ಅದರ ಗುಲ್ಮದಿಂದ ಬಿ ಕೋಶ ತೆಗೆದು, ಸೆಂಡೈ ವೈರಸ್ಸಿನ ನೆರವಿನಿಂದ ಮೈಲೋಮಾದೊಡನೆ ಕೂಡಿಸಿದರು. ಬೆಸುಗೆಯಾಗದ ಮೈಲೋಮಾ ಬದುಕಲಾಗದ ಪೋಷಕ ದ್ರವದಲ್ಲಿ ಬೆಳೆಸಿದಾಗ ಉಳಿದದ್ದು ಹೈಬ್ರಿಡೋಮಾ ಮಾತ್ರ. ಒಬ್ಬ ಪೋಷಕನಿಂದ ಪ್ರತಿಕಾಯದ ವಿದ್ಯೆ, ಇನ್ನೊಬ್ಬನಿಂದ ಸಾವಿಲ್ಲದ ಗುಣ! ಕುರಿಯ ರಕ್ತಕಣ ಹರಡಿದ ತಟ್ಟೆಯಲ್ಲಿ ಕಣಗಳೊಡೆದು ತಿಳಿ ವೃತ್ತಗಳು ಮೂಡಿದಾಗ ಕೆಲಸ ಕೈಗೂಡಿದ್ದು ಖಚಿತವಾಯಿತು. 1975ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆ ಅದನ್ನು ಪ್ರಕಟಿಸಿತು. ನೊಬೆಲ್ ಬಂದದ್ದು 1984ರಲ್ಲಿ, ರೋಗನಿರೋಧಕ ವಿಜ್ಞಾನಿ ನೀಲ್ಸ್ ಯೆರ್ನೆ ಜೊತೆಗೆ. ಈ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ಮಿಲ್‌ಸ್ಟೈನ್ ತಮ್ಮ ಕೋಶಗಳನ್ನು ಕೇಳಿದ ಪ್ರಯೋಗಾಲಯಗಳಿಗೆ ಕೊಟ್ಟರು. ವಿದ್ಯೆ ಅಷ್ಟು ಬೇಗ ಹಬ್ಬಲು ಈ ಔದಾರ್ಯವೇ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಈ ವಿಧಾನದಿಂದ ತಯಾರಾದ, ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸುವುದನ್ನು ತಡೆಯುವ ಓಕೆಟಿ3 ಔಷಧಕ್ಕೆ 1986ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಅದು ಇಲಿಯ ಪ್ರೋಟೀನು. ನಮ್ಮ ದೇಹ ಅದನ್ನೇ ಪರಕೀಯವೆಂದು ಹೊಡೆದುರುಳಿಸುತ್ತಿತ್ತು. ಅದೇ ಕೇಂಬ್ರಿಜ್ ಪ್ರಯೋಗಾಲಯದ ಗ್ರೆಗ್ ವಿಂಟರ್ ಪರಿಹಾರ ಹುಡುಕಿದರು: ಗುರಿಯನ್ನು ಹಿಡಿಯುವ ತುದಿಗಳಷ್ಟೇ ಇಲಿಯವು, ಮಿಕ್ಕಿದ್ದೆಲ್ಲ ಮನುಷ್ಯನದು. ಹೀಗೆ ಮಾರ್ಪಟ್ಟ ಟ್ರಾಸ್ಟುಜುಮಾಬ್ 1998ರಲ್ಲಿ ಬಂತು. ಕೆಲವು ಬಗೆಯ ಸ್ತನ ಕ್ಯಾನ್ಸರ್ ಕೋಶದ ಮೇಲೆ ಹೆಚ್ಚಾಗಿರುವ ಹರ್2 ಪ್ರೋಟೀನನ್ನು ಹಿಡಿದು, ಬೆಳೆಯುವ ಸಂಕೇತವನ್ನು ಅದು ತಡೆಯುತ್ತದೆ. ಇಂದು ಇಂಥ ಔಷಧಗಳನ್ನು ಹೆಚ್ಚಾಗಿ ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯ ಮೂಲದ ಕೋಶಗಳಲ್ಲಿ, ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಹಂತಹಂತವಾಗಿ ಶುದ್ಧೀಕರಿಸುತ್ತಾರೆ.

ಬೆಲೆಯೇ ಇಲ್ಲಿನ ಸಂಕಟ. ಬೆಂಗಳೂರಿನ ಬಯೋಕಾನ್ 2006ರಲ್ಲಿ ಕ್ಯೂಬಾದ ತಂತ್ರಜ್ಞಾನದಿಂದ ತಲೆ-ಕತ್ತಿನ ಕ್ಯಾನ್ಸರಿಗೆ ನಿಮೊಟುಜುಮಾಬ್ ತಂದಿತು. 2014ರಲ್ಲಿ ಟ್ರಾಸ್ಟುಜುಮಾಬ್‌ನ ಬಯೋಸಿಮಿಲರನ್ನು, ಅಂದರೆ ಮೂಲವನ್ನು ಬಹುಪಾಲು ಹೋಲುವ ಔಷಧವನ್ನು, ಭಾರತದ ಮಾರುಕಟ್ಟೆಗೆ ಬಿಟ್ಟಿತು. ಆದರೂ ಎಷ್ಟೋ ಕುಟುಂಬಗಳಿಗೆ ಈ ಚಿಕಿತ್ಸೆ ಇನ್ನೂ ಎಟುಕದ ಮಾತು. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಎಂದು ಗೊತ್ತಾದರೆ ಹರ್2 ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಪಾಸಿಟಿವ್ ಬಂದರೆ ಬಯೋಸಿಮಿಲರ್ ಬಗ್ಗೆಯೂ ಸಂಕೋಚವಿಲ್ಲದೆ ವಿಚಾರಿಸಿ.