ಪದವಿ ಹಂತದ ಸಂಶೋಧನಾ ಪ್ರಬಂಧ: ಸಿದ್ಧತೆ ಮತ್ತು ಸಲ್ಲಿಕೆಯ ಕುರಿತು ವಿದ್ಯಾರ್ಥಿಗಳಿಗೆ ಮಾಹಿತಿ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕಾಲೇಜುಗಳಲ್ಲಿ ಪದವಿ ವ್ಯಾಸಂಗ ಮಾಡುತ್ತಿರುವ ಅನೇಕ ವಿದ್ಯಾರ್ಥಿಗಳು ಅಂತಿಮ ವರ್ಷದಲ್ಲಿ ಸಂಶೋಧನಾ ಪ್ರಬಂಧ ಅಥವಾ ಯೋಜನಾ ವರದಿಯನ್ನು ಸಲ್ಲಿಸಬೇಕಾಗುತ್ತದೆ. ಇದಕ್ಕಾಗಿ ದಾಖಲೆ, ಅಂಕಿ-ಅಂಶ ಹಾಗೂ ಅನುಮತಿ ಕೋರಿ ಅವರು ಸರ್ಕಾರಿ ಕಚೇರಿಗಳಿಗೆ ಅರ್ಜಿ ಸಲ್ಲಿಸುವುದೂ ಉಂಟು. ಯಾವ ದಾಖಲೆಯನ್ನು ಎಲ್ಲಿ ಕೇಳಬೇಕು, ಪಡೆದ ಮಾಹಿತಿಯನ್ನು ಹೇಗೆ ಬಳಸಬೇಕು, ಸಲ್ಲಿಕೆಗೆ ಮುನ್ನ ಏನನ್ನು ಪರಿಶೀಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಾಗಿ ಕಾರವಾರ ತಾಲ್ಲೂಕಿನ ಶಿರವಾಡವನ್ನು ತೆಗೆದುಕೊಳ್ಳಲಾಗಿದೆ.

1. ಪ್ರಬಂಧದ ಸ್ವರೂಪ

ಪದವಿ ಹಂತದ ಈ ಬರವಣಿಗೆಯನ್ನು ಕೆಲವು ಕಾಲೇಜುಗಳಲ್ಲಿ ಯೋಜನಾ ವರದಿ ಎಂದೂ, ಕೆಲವೆಡೆ ಸಂಪ್ರಬಂಧ ಅಥವಾ ಕಿರು ಸಂಶೋಧನಾ ಪ್ರಬಂಧ ಎಂದೂ ಕರೆಯುತ್ತಾರೆ. ಪಿಎಚ್.ಡಿ. ಪದವಿಗೆ ಸಲ್ಲಿಸುವ ಮಹಾಪ್ರಬಂಧದಿಂದ ಹೊಸ ಸಿದ್ಧಾಂತವನ್ನೋ ಹೊಸ ಶೋಧವನ್ನೋ ನಿರೀಕ್ಷಿಸಲಾಗುತ್ತದೆ. ಪದವಿ ವಿದ್ಯಾರ್ಥಿಯಿಂದ ಅಷ್ಟನ್ನು ಅಪೇಕ್ಷಿಸುವುದಿಲ್ಲ. ಒಂದು ಸೀಮಿತ ಪ್ರಶ್ನೆಯನ್ನು ಕೇಳಿಕೊಂಡು, ಅದಕ್ಕೆ ತಾನೇ ಸಂಗ್ರಹಿಸಿದ ಆಧಾರಗಳಿಂದ ಉತ್ತರ ಹುಡುಕಿ, ಯಾವ ಮಾತು ಎಲ್ಲಿಂದ ಬಂದಿತು ಎಂಬುದನ್ನು ಓದುಗರು ಪರಿಶೀಲಿಸಬಹುದಾದ ರೀತಿಯಲ್ಲಿ ಬರೆದಿರಬೇಕು. ಪ್ರತಿಯೊಂದು ಅಂಕಿಯ ಮೂಲವನ್ನು ತೋರಿಸಬಲ್ಲ ನಲವತ್ತು ಪುಟಗಳ ವರದಿಯು, ಮೂಲ ತಿಳಿಯದ ನೂರು ಪುಟಗಳ ವರದಿಗಿಂತ ಹೆಚ್ಚು ಮೌಲ್ಯವುಳ್ಳದ್ದು.

2. ಯಾವ ನಿಯಮಾವಳಿ ಅನ್ವಯವಾಗುತ್ತದೆ

ಉತ್ತರ ಕನ್ನಡ ಜಿಲ್ಲೆಯ ಕಲಾ, ವಿಜ್ಞಾನ ಮತ್ತು ವಾಣಿಜ್ಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ. ಮಾಜಾಳಿಯಲ್ಲಿರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪುಟಸಂಖ್ಯೆ, ಅಂಕಗಳ ಹಂಚಿಕೆ, ಪ್ರತಿಗಳ ಸಂಖ್ಯೆ ಮುಂತಾದವು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ, ಕೋರ್ಸಿನಿಂದ ಕೋರ್ಸಿಗೆ ಬೇರೆಯಾಗಿರುತ್ತವೆ.

ಪ್ರವೇಶ ಪಡೆದ ವರ್ಷವೂ ಮುಖ್ಯ. ರಾಜ್ಯದಲ್ಲಿ 2021-22ನೇ ಸಾಲಿನಿಂದ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ನಾಲ್ಕು ವರ್ಷಗಳ ಆನರ್ಸ್ ಪದವಿಯ ಅವಕಾಶವನ್ನು ಕಲ್ಪಿಸಲಾಗಿತ್ತು. 2024ರ ಮೇ ತಿಂಗಳಿನ ಸರ್ಕಾರಿ ಆದೇಶದ ಮೇರೆಗೆ 2024-25ನೇ ಸಾಲಿನಿಂದ ಪ್ರವೇಶ ಪಡೆದವರಿಗೆ ಮೂರು ವರ್ಷಗಳ ಪದವಿ ವ್ಯವಸ್ಥೆಯನ್ನು ಮರಳಿ ಜಾರಿಗೊಳಿಸಲಾಯಿತು. ಆದಕಾರಣ ಒಂದೇ ಕಾಲೇಜಿನ ಹಿಂದಿನ ತಂಡದ ವಿದ್ಯಾರ್ಥಿಗೆ ಅನ್ವಯಿಸಿದ ನಿಯಮವು ಇಂದಿನ ವಿದ್ಯಾರ್ಥಿಗೆ ಅನ್ವಯಿಸದೆ ಇರಬಹುದು. ಹಿರಿಯ ವಿದ್ಯಾರ್ಥಿಗಳ ವರದಿಯನ್ನು ಮಾದರಿಯಾಗಿ ಇಟ್ಟುಕೊಳ್ಳುವ ಮೊದಲು, ತಮ್ಮ ಪ್ರವೇಶದ ಸಾಲಿಗೆ ಹೊರಡಿಸಲಾದ ಪಠ್ಯಕ್ರಮದ ಪ್ರತಿಯನ್ನು ವಿಭಾಗದ ಮುಖ್ಯಸ್ಥರಿಂದ ಪಡೆದು ಓದಿಕೊಳ್ಳತಕ್ಕದ್ದು.

3. ವಿಷಯದ ಆಯ್ಕೆ

ವಿಷಯವು ಲಭ್ಯವಿರುವ ಕಾಲಾವಧಿಯಲ್ಲಿ ಮುಗಿಯುವಂತಿರಬೇಕು. "ಉತ್ತರ ಕನ್ನಡ ಜಿಲ್ಲೆಯ ಅಭಿವೃದ್ಧಿ" ಎಂಬ ವಿಷಯವು ಒಂದು ಸೆಮಿಸ್ಟರಿಗೆ ಮೀರಿದ್ದು. "ರೈಲು ನಿಲ್ದಾಣ ಬಂದ ನಂತರ ಶಿರವಾಡದ ಭೂಬಳಕೆಯಲ್ಲಿ ಆದ ಬದಲಾವಣೆ" ಎಂಬುದನ್ನು ಒಬ್ಬ ವಿದ್ಯಾರ್ಥಿ ನಿರ್ವಹಿಸಬಹುದು. ಕಾರವಾರ ರೈಲು ನಿಲ್ದಾಣವು ಶಿರವಾಡದಲ್ಲಿದೆ. ಕೊಂಕಣ ರೈಲು ಮಾರ್ಗವನ್ನು 1998ರಲ್ಲಿ ಪೂರ್ಣವಾಗಿ ಲೋಕಾರ್ಪಣೆ ಮಾಡಲಾಯಿತು. ಆದುದರಿಂದ 1991ರ ಜನಗಣತಿಯ ಅಂಕಿಗಳನ್ನು ಮೊದಲಿನ ಸ್ಥಿತಿಗೂ, 2001 ಮತ್ತು 2011ರ ಅಂಕಿಗಳನ್ನು ನಂತರದ ಸ್ಥಿತಿಗೂ ಆಧಾರವಾಗಿ ಇಟ್ಟುಕೊಳ್ಳಲು ಸಾಧ್ಯವಿದೆ. ಹೋಲಿಸುವ ಮೊದಲು ಎರಡು ಜನಗಣತಿಗಳ ನಡುವೆ ಗ್ರಾಮದ ಗಡಿ ಬದಲಾಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2021ರಲ್ಲಿ ದೇಶದಲ್ಲಿ ಜನಗಣತಿ ನಡೆಯಲಿಲ್ಲ. ಆದಾಗ್ಯೂ "2021ರ ಜನಗಣತಿಯ ಪ್ರಕಾರ" ಎಂಬ ಒಕ್ಕಣೆಯೊಂದಿಗೆ ಗ್ರಾಮವಾರು ಜನಸಂಖ್ಯೆಯನ್ನು ನೀಡುವ ಬರಹಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ಅಂಥ ಅಂಕಿಯನ್ನು ಬಳಸಿದ ವರದಿಯು ಪರೀಕ್ಷಕರ ಮೊದಲ ಪ್ರಶ್ನೆಗೇ ನಿಲ್ಲಲಾರದು.

4. ದಾಖಲೆಗಳನ್ನು ಪಡೆಯುವ ವಿಧಾನ

ಅರ್ಜಿ ಸಲ್ಲಿಸುವ ಮೊದಲು ಈಗಾಗಲೇ ಪ್ರಕಟವಾಗಿರುವ ಮಾಹಿತಿಯನ್ನು ನೋಡತಕ್ಕದ್ದು. ಜಿಲ್ಲಾ ಗ್ಯಾಸೆಟಿಯರ್, ಜನಗಣತಿಯ ಜಿಲ್ಲಾ ಕೈಪಿಡಿ, ರಾಜ್ಯಪತ್ರದಲ್ಲಿ ಪ್ರಕಟವಾದ ಭೂಸ್ವಾಧೀನ ಅಧಿಸೂಚನೆಗಳು ಹಾಗೂ "ಭೂಮಿ" ಯೋಜನೆಯಡಿ ಗಣಕೀಕೃತವಾದ ಪಹಣಿಗಳು ಮೇಲ್ಕಂಡ ವಿಷಯಕ್ಕೆ ಉಪಯುಕ್ತ. ಸಮುದ್ರ ಮತ್ತು ಮೀನುಗಾರಿಕೆಗೆ ಸಂಬಂಧಿಸಿದ ವಿಷಯಗಳಿಗೆ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗ ಮತ್ತು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರವನ್ನು ಪ್ರಾಂಶುಪಾಲರ ಪತ್ರದೊಂದಿಗೆ ಸಂಪರ್ಕಿಸಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅಡಿಯಲ್ಲಿ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತಾನಾಗಿಯೇ ಪ್ರಕಟಿಸಬೇಕಾದ ವಿವರಗಳನ್ನೂ ಪರಿಶೀಲಿಸಬಹುದು.

ಪ್ರಕಟವಾಗದ ಮಾಹಿತಿಗೆ ಸದರಿ ಅಧಿನಿಯಮದಡಿ ಅರ್ಜಿ ಸಲ್ಲಿಸಬಹುದು. ಗಮನಿಸಬೇಕಾದ ಅಂಶಗಳು ಈ ಕೆಳಕಂಡಂತಿವೆ:

(ಅ) ಅರ್ಜಿ ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿರುವವರು ದಾಖಲೆ ಲಗತ್ತಿಸಿದಲ್ಲಿ ಶುಲ್ಕವಿಲ್ಲ.

(ಆ) ರಾಜ್ಯ ಸರ್ಕಾರದ ಕಚೇರಿಗಳಿಗೆ ಸಲ್ಲಿಸುವ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ರೈಲ್ವೆ, ರಾಷ್ಟ್ರೀಯ ಹೆದ್ದಾರಿ ಮುಂತಾದ ಕೇಂದ್ರ ಪ್ರಾಧಿಕಾರಗಳಿಗೆ ಈ ಮಿತಿ 500 ಪದಗಳು.

(ಇ) ಮಾಹಿತಿ ನೀಡಲು 30 ದಿನಗಳ ಕಾಲಾವಕಾಶವಿದೆ. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಲ್ಲದಿದ್ದಲ್ಲಿ 30 ದಿನಗಳೊಳಗೆ ಮೊದಲನೆಯ ಮೇಲ್ಮನವಿಯನ್ನು ಸಲ್ಲಿಸಬಹುದು.

(ಈ) ಅರ್ಜಿದಾರರು ಕಾರಣ ತಿಳಿಸಬೇಕಾಗಿಲ್ಲ. ಆದರೆ ಸರ್ವೆ ನಂಬರು, ವರ್ಷ, ದಾಖಲೆಯ ಹೆಸರು ಸ್ಪಷ್ಟವಾಗಿದ್ದಲ್ಲಿ ಉತ್ತರವೂ ಸ್ಪಷ್ಟವಾಗಿರುತ್ತದೆ. "ಶಿರವಾಡದ ಎಲ್ಲ ಮಾಹಿತಿ ನೀಡಿ" ಎಂಬ ಅರ್ಜಿಯಿಂದ ಪ್ರಯೋಜನವಿಲ್ಲ.

ಒಂದು ಸೆಮಿಸ್ಟರಿನಲ್ಲಿ ತರಗತಿಗಳಿಗೆ ದೊರೆಯುವ ಅವಧಿಯು ನಾಲ್ಕು ತಿಂಗಳ ಆಸುಪಾಸು ಇರುತ್ತದೆ. ಅರ್ಜಿ ಮತ್ತು ಮೇಲ್ಮನವಿಗೆ ಅದರ ಅರ್ಧಭಾಗ ಕಳೆದುಹೋಗಬಹುದಾದ್ದರಿಂದ, ವಿಷಯಕ್ಕೆ ಅನುಮೋದನೆ ದೊರೆತ ವಾರದಲ್ಲಿಯೇ ಅರ್ಜಿ ಸಲ್ಲಿಸುವುದು ಸೂಕ್ತ.

5. ಕ್ಷೇತ್ರಕಾರ್ಯ ಮತ್ತು ಅನುಮತಿ

ರೈಲು ನಿಲ್ದಾಣ, ಬಂದರು, ಆಸ್ಪತ್ರೆ ಮುಂತಾದ ಸ್ಥಳಗಳಲ್ಲಿ ಸಮೀಕ್ಷೆ ನಡೆಸುವ ಮುನ್ನ ಸಂಬಂಧಿಸಿದ ಅಧಿಕಾರಿಯಿಂದ ಲಿಖಿತ ಅನುಮತಿ ಪಡೆಯತಕ್ಕದ್ದು. ಕಾರವಾರದ ಬಳಿ ಕದಂಬ ನೌಕಾನೆಲೆ ಹಾಗೂ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಇವೆ. ಇಂಥ ಸ್ಥಳಗಳ ಛಾಯಾಚಿತ್ರ ತೆಗೆಯುವುದು, ನಕ್ಷೆ ಸಿದ್ಧಪಡಿಸುವುದು, ಡ್ರೋನ್ ಹಾರಿಸುವುದು ಗಂಭೀರ ಕಾನೂನು ಕ್ರಮಕ್ಕೆ ಕಾರಣವಾಗಬಹುದು. ವಿದ್ಯಾರ್ಥಿ ಎಂಬ ಕಾರಣದಿಂದ ವಿನಾಯಿತಿ ಇರುವುದಿಲ್ಲ.

ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಕಡಲಕುದುರೆ, ಕಡಲಸೌತೆ ಮುಂತಾದ ಜೀವಿಗಳು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಅನುಸೂಚಿಗಳಲ್ಲಿ ಇರುವುದನ್ನು ಗಮನಿಸಬೇಕು. ಮೀನುಗಾರರ ಬಲೆಯಲ್ಲಿ ಸಿಕ್ಕಿದ್ದರೂ ಅನುಮತಿಯಿಲ್ಲದೆ ಅವುಗಳನ್ನು ಮಾದರಿಯಾಗಿ ಸಂಗ್ರಹಿಸುವಂತಿಲ್ಲ.

ಜನರನ್ನು ಸಂದರ್ಶಿಸುವಾಗ ಉದ್ದೇಶವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು. ಉತ್ತರಿಸಲು ಇಚ್ಛಿಸದವರನ್ನು ಒತ್ತಾಯಿಸಬಾರದು. ಈ ಭಾಗದಲ್ಲಿ ರೈಲು ಮಾರ್ಗಕ್ಕೂ ನೌಕಾನೆಲೆಗೂ ಭೂಮಿ ಬಿಟ್ಟುಕೊಟ್ಟ ಕುಟುಂಬಗಳಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಸಂಭವಿಸಿದ ಗುಡ್ಡ ಕುಸಿತದಲ್ಲಿ ಆಪ್ತರನ್ನು ಕಳೆದುಕೊಂಡವರಿದ್ದಾರೆ. ಪರಿಹಾರದ ಮೊತ್ತ, ಸಾವು, ಜಮೀನಿನ ವ್ಯಾಜ್ಯ ಇವು ಅವರ ಪಾಲಿಗೆ ಪ್ರಶ್ನಾವಳಿಯ ಕಲಮುಗಳಲ್ಲ. ವರದಿಯಲ್ಲಿ ಅವರ ಹೆಸರಿನ ಬದಲು ಕ್ರಮಸಂಖ್ಯೆಯನ್ನು ಬಳಸತಕ್ಕದ್ದು. ಚಿಕ್ಕ ಗ್ರಾಮದಲ್ಲಿ ವೃತ್ತಿ, ವಯಸ್ಸು ಮತ್ತು ಕೇರಿಯನ್ನು ಒಟ್ಟಿಗೆ ನೀಡಿದರೂ ವ್ಯಕ್ತಿಯ ಗುರುತು ಸಿಗುವುದರಿಂದ ಈ ಬಗ್ಗೆ ಎಚ್ಚರ ಅಗತ್ಯ. ಸಂದರ್ಶನ ಕೊಂಕಣಿಯಲ್ಲಿ ನಡೆದಿದ್ದು ವರದಿ ಕನ್ನಡ ಅಥವಾ ಇಂಗ್ಲಿಷಿನಲ್ಲಿದ್ದರೆ, ಅನುವಾದ ಯಾರು ಮಾಡಿದರೆಂಬುದನ್ನು ನಮೂದಿಸಬೇಕು.

6. ಬರವಣಿಗೆ ಮತ್ತು ಮೂಲಗಳ ಉಲ್ಲೇಖ

ಮೊದಲ ದಿನದಿಂದಲೇ ಒಂದು ದಿನಚರಿ ಪುಸ್ತಕವನ್ನು ಇಟ್ಟುಕೊಂಡು, ದಿನಾಂಕ, ಭೇಟಿ ನೀಡಿದ ಸ್ಥಳ, ನೋಡಿದ ದಾಖಲೆಯ ಸಂಖ್ಯೆ ಮತ್ತು ಪುಟವನ್ನು ಬರೆದಿಡಬೇಕು. ಮೂಲವನ್ನು ಕೊನೆಯ ವಾರದಲ್ಲಿ ಹುಡುಕಲು ಹೊರಟವರಿಗೆ ಅದು ಸಾಮಾನ್ಯವಾಗಿ ದೊರೆಯುವುದಿಲ್ಲ.

ಅನ್ಯರ ಬರಹವನ್ನು ಯಥಾವತ್ತಾಗಿ ಬಳಸಿದಲ್ಲಿ ಉದ್ಧರಣ ಚಿಹ್ನೆಯನ್ನೂ ಮೂಲವನ್ನೂ ನೀಡಬೇಕು. ಸ್ವಂತ ಮಾತಿನಲ್ಲಿ ಬರೆದಾಗಲೂ ವಿಚಾರದ ಮೂಲವನ್ನು ತಿಳಿಸಬೇಕು. ಕೃತಿಚೌರ್ಯ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ವಿನಿಯಮಗಳನ್ನು ಹೊರಡಿಸಿದೆ. ಅದರಲ್ಲಿ ಶೇ. 10ರವರೆಗಿನ ಸಾಮ್ಯತೆಗೆ ದಂಡನೆಯಿಲ್ಲ, ಶೇ. 10ರಿಂದ 40, ಶೇ. 40ರಿಂದ 60 ಮತ್ತು ಶೇ. 60ಕ್ಕಿಂತ ಹೆಚ್ಚು ಎಂಬ ಮೂರು ಹಂತಗಳಿಗೆ ಏರುಕ್ರಮದ ದಂಡನೆಗಳಿವೆ. ಈ ವಿನಿಯಮಗಳು ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಗಳ ಪ್ರಬಂಧಗಳಿಗೆ ಅನ್ವಯಿಸುತ್ತವೆ. ಯೋಜನಾ ವರದಿಗಳನ್ನು ಅವುಗಳ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಇದರಿಂದ ಪದವಿ ವಿದ್ಯಾರ್ಥಿಗೆ ನಕಲು ಮಾಡಲು ಅವಕಾಶವಿದೆ ಎಂದು ಭಾವಿಸಬಾರದು. ಕಾಲೇಜು ಮತ್ತು ವಿಶ್ವವಿದ್ಯಾಲಯಗಳು ತಮ್ಮದೇ ನಿಯಮಗಳನ್ವಯ ವರದಿಯನ್ನು ತಿರಸ್ಕರಿಸಬಹುದಾಗಿದೆ.

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅಸ್ತಿತ್ವದಲ್ಲಿಯೇ ಇಲ್ಲದ ಪುಸ್ತಕ ಮತ್ತು ಲೇಖನಗಳ ಹೆಸರನ್ನು ನೈಜವೆಂಬಂತೆ ನೀಡುವುದುಂಟು. ತಾವು ಕಣ್ಣಾರೆ ನೋಡದ ಯಾವ ಮೂಲವನ್ನೂ ಪಟ್ಟಿಗೆ ಸೇರಿಸಬಾರದು. ಹಣ ಪಡೆದು ಸಿದ್ಧ ವರದಿ ಮಾರುವವರಿಂದ ದೂರವಿರಬೇಕು. ವರದಿಯಲ್ಲಿ ವಿದ್ಯಾರ್ಥಿ ಸಹಿ ಮಾಡುವ ಘೋಷಣಾ ಪತ್ರವು "ಇದು ನನ್ನ ಸ್ವಂತ ಕಾರ್ಯ" ಎಂದು ಹೇಳುತ್ತದೆ. ಆ ಸಹಿಯ ಹೊಣೆ ಪೂರ್ಣವಾಗಿ ವಿದ್ಯಾರ್ಥಿಯದೇ.

7. ಸಲ್ಲಿಕೆ

ವರದಿಯು ಸಾಮಾನ್ಯವಾಗಿ ಈ ಕ್ರಮದಲ್ಲಿರುತ್ತದೆ: ಶೀರ್ಷಿಕೆ ಪುಟ, ವಿದ್ಯಾರ್ಥಿಯ ಘೋಷಣಾ ಪತ್ರ, ಮಾರ್ಗದರ್ಶಕರ ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿ, ಅಧ್ಯಾಯಗಳು, ಪರಾಮರ್ಶನ ಪಟ್ಟಿ ಮತ್ತು ಅನುಬಂಧಗಳು. ಪ್ರಶ್ನಾವಳಿ, ಅನುಮತಿ ಪತ್ರಗಳು ಹಾಗೂ ಮಾಹಿತಿ ಹಕ್ಕಿನಡಿ ಪಡೆದ ಉತ್ತರದ ಪ್ರತಿಯನ್ನು, ಖಾಸಗಿ ವ್ಯಕ್ತಿಗಳ ವಿವರ ಮರೆಮಾಡಿ, ಅನುಬಂಧದಲ್ಲಿ ಸೇರಿಸುವುದು ಉತ್ತಮ.

ಮುದ್ರಣಕ್ಕೆ ನೀಡುವ ಮೊದಲು ಈ ಕೆಳಗಿನವುಗಳನ್ನು ಪರಿಶೀಲಿಸತಕ್ಕದ್ದು:

(ಅ) ಹೆಸರು ಮತ್ತು ನೋಂದಣಿ ಸಂಖ್ಯೆ ವಿಶ್ವವಿದ್ಯಾಲಯದ ದಾಖಲೆಯಲ್ಲಿರುವಂತೆಯೇ ಇವೆಯೇ;

(ಆ) ಅನುಮೋದಿತ ಶೀರ್ಷಿಕೆ ಮತ್ತು ಮುದ್ರಿತ ಶೀರ್ಷಿಕೆ ಒಂದೇ ಆಗಿವೆಯೇ;

(ಇ) ಕೋಷ್ಟಕಗಳ ಮೊತ್ತ ತಾಳೆಯಾಗುತ್ತದೆಯೇ, ಪ್ರತಿ ಕೋಷ್ಟಕದ ಕೆಳಗೆ ಮೂಲವಿದೆಯೇ;

(ಈ) ಕನ್ನಡ ಪಠ್ಯವು ಯುನಿಕೋಡ್‌ನಲ್ಲಿದೆಯೇ. ಹಳೆಯ ಸಂಕೇತ ವ್ಯವಸ್ಥೆಯ ಅಕ್ಷರಗಳು ಬೇರೆ ಗಣಕಯಂತ್ರದಲ್ಲಿ ಓದಲಾಗದಂತೆ ಬದಲಾಗಬಹುದು. ಮುದ್ರಣಕ್ಕೆ ಪಿಡಿಎಫ್ ಪ್ರತಿಯನ್ನೇ ನೀಡುವುದು ಸುರಕ್ಷಿತ.

ಮಾರ್ಗದರ್ಶಕರ ಸಹಿಗಾಗಿ ಕೊನೆಯ ದಿನದವರೆಗೆ ಕಾಯದೆ, ಕನಿಷ್ಠ ಹತ್ತು ದಿನ ಮುಂಚಿತವಾಗಿ ಕರಡನ್ನು ಒಪ್ಪಿಸಬೇಕು. ಮಳೆಗಾಲದಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ಸ್ಥಗಿತವಾಗುವ ಸಂಭವವಿರುವುದರಿಂದ, ಅಂಕೋಲಾದಿಂದ ಕಾರವಾರಕ್ಕೆ ಬಂದು ಸಲ್ಲಿಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಸಲ್ಲಿಸಿದ ದಿನವೇ ದಿನಾಂಕ ಸಹಿತ ಸ್ವೀಕೃತಿ ಪಡೆದು, ಒಂದು ಮುದ್ರಿತ ಪ್ರತಿ ಮತ್ತು ಒಂದು ಗಣಕ ಪ್ರತಿಯನ್ನು ತಮ್ಮಲ್ಲಿ ಉಳಿಸಿಕೊಳ್ಳಬೇಕು.

8. ಮೌಖಿಕ ಪರೀಕ್ಷೆ ಮತ್ತು ನಂತರ

ಮೌಖಿಕ ಪರೀಕ್ಷೆಯಲ್ಲಿ "ಈ ಅಂಕಿ ಎಲ್ಲಿಂದ ಬಂತು", "ಎಷ್ಟು ಮನೆಗಳಿಗೆ ಭೇಟಿ ನೀಡಿದಿರಿ", "ನಿರೀಕ್ಷಿಸಿದ ಫಲಿತಾಂಶ ಬಾರದಿದ್ದುದು ಎಲ್ಲಿ" ಎಂಬ ಪ್ರಶ್ನೆಗಳು ಸಾಮಾನ್ಯ. ದಿನಚರಿ ಪುಸ್ತಕ ಇದ್ದವರಿಗೆ ಇವು ಸುಲಭ. ಇಪ್ಪತ್ತು ಮನೆಗಳನ್ನು ಮಾತ್ರ ನೋಡಿದ್ದರೆ ಇಪ್ಪತ್ತೆಂದೇ ಬರೆದು, ಅದರ ಮಿತಿಯನ್ನು ಹೇಳುವುದರಿಂದ ವರದಿಯ ಗೌರವ ಕಡಿಮೆಯಾಗುವುದಿಲ್ಲ.

ಪ್ರಬಂಧದ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೂ, ಸಾಧ್ಯವಿದ್ದಲ್ಲಿ ಅಧ್ಯಯನ ನಡೆಸಿದ ಗ್ರಾಮದ ಗ್ರಂಥಾಲಯಕ್ಕೂ ನೀಡುವುದು ಅಪೇಕ್ಷಣೀಯ. ಯಾವ ಗದ್ದೆ ಯಾವ ವರ್ಷ ನಿವೇಶನವಾಯಿತು, ಯಾವ ಬಾವಿ ಬತ್ತಿತು ಎಂಬಂಥ ಸಂಗತಿಗಳು ದೊಡ್ಡ ವರದಿಗಳಲ್ಲಿ ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಮುಂದೆ ಪರಿಹಾರ, ಯೋಜನೆ ಅಥವಾ ಇನ್ನೊಂದು ಅಧ್ಯಯನಕ್ಕಾಗಿ ಯಾರಾದರೂ ಅವುಗಳನ್ನು ಹುಡುಕಿಕೊಂಡು ಬಂದಾಗ, ಪ್ರಾಮಾಣಿಕವಾಗಿ ಬರೆದ ಇಂಥ ಒಂದು ವರದಿ ಅವರಿಗೆ ಆಧಾರವಾಗಬಲ್ಲದು.

ವಿದ್ಯಾರ್ಥಿಗಳು ಹಾಗೂ ಪೋಷಕರು ಈ ಮಾಹಿತಿಯ ಪ್ರಯೋಜನ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ. ದಿನಾಂಕ, ಶುಲ್ಕ ಮತ್ತು ನಮೂನೆಗಳ ವಿಷಯದಲ್ಲಿ ಆಯಾ ವಿಶ್ವವಿದ್ಯಾಲಯವು ಹೊರಡಿಸುವ ಸುತ್ತೋಲೆಯೇ ಅಂತಿಮವಾಗಿರುತ್ತದೆ.