ಗಂಟೆಗೊಮ್ಮೆ ಎಬ್ಬಿಸುವ ಸಿಸ್ಟರ್

ತಲೆಗೆ ಪೆಟ್ಟು ಬಿದ್ದವರ ವಾರ್ಡಿನಲ್ಲಿ ರಾತ್ರಿಪಾಳಿಯ ಸಿಸ್ಟರ್ ಮೇಲಿಂದ ಮೇಲೆ ಕೇಳಿಸಿಕೊಳ್ಳುವ ಮಾತೊಂದಿದೆ: ‘ಈಗಷ್ಟೇ ಕಣ್ಣು ಮುಚ್ಚಿದಾರೆ, ಮತ್ತೆ ಯಾಕೆ ಎಬ್ಬಿಸ್ತೀರಾ ಸಿಸ್ಟರ್?’ ಆದರೂ ಅವರು ಎಬ್ಬಿಸುತ್ತಾರೆ. ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಕೈ ಹಿಡಿಯಿರಿ ಎನ್ನುತ್ತಾರೆ, ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಹಾಳೆಯಲ್ಲಿ ಗುರುತು ಹಾಕಿಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾರೆ. ನೋಡುವವರಿಗೆ ಇದು ಹಾಳೆ ತುಂಬಿಸುವ ಕೆಲಸ. ನನ್ನ ಪ್ರಕಾರ ಆ ವಾರ್ಡಿನಲ್ಲಿ ಇದಕ್ಕಿಂತ ಮುಖ್ಯವಾದ ತಪಾಸಣೆ ಇಲ್ಲ. ಸ್ಕ್ಯಾನ್ ತೋರಿಸುವುದು ಅದನ್ನು ತೆಗೆದ ಹೊತ್ತಿನ ಮಿದುಳನ್ನು. ಆಮೇಲೆ ಮಿದುಳು ಯಾವ ಕಡೆಗೆ ಹೊರಳುತ್ತಿದೆ ಎನ್ನುವುದು ತಿಳಿಯುವುದು ಈ ಹಾಳೆಯಿಂದ.

ಬೈಕಿನಿಂದ ಬಿದ್ದವರು ಎದ್ದು ಕೂತು, ಮನೆಯವರ ಜೊತೆ ಮಾತಾಡಿ, ಕೆಲವು ಗಂಟೆಗಳ ಮೇಲೆ ಮಂಪರಿಗೆ ಜಾರುವುದುಂಟು. ತಲೆಬುರುಡೆ ಬಿರಿದು, ಅದರ ಒಳಮೈಗೆ ಒತ್ತಿಕೊಂಡಿರುವ ರಕ್ತನಾಳ ಹರಿದರೆ ಹೀಗಾಗುತ್ತದೆ. ಬುರುಡೆ ಹಿಗ್ಗುವುದಿಲ್ಲ. ರಕ್ತ ತುಂಬಿಕೊಳ್ಳುತ್ತಿದ್ದಂತೆ ಮೊದಲು ಮಿದುಳಿನ ಸುತ್ತಲಿನ ದ್ರವವೂ ಸಿರೆಗಳಲ್ಲಿರುವ ರಕ್ತವೂ ಅದಕ್ಕೆ ಜಾಗ ಬಿಡುತ್ತವೆ. ಬಿಡಲು ಜಾಗವೇ ಉಳಿಯದಾಗ ಒತ್ತಡ ಸರ್ರನೆ ಏರುತ್ತದೆ. ಹಾಗೆ ಜಾರುತ್ತಿರುವವರೂ ದಣಿದು ಮಲಗಿದವರೂ ದೂರದಿಂದ ಒಂದೇ ಥರ ಕಾಣುತ್ತಾರೆ. ಎಬ್ಬಿಸದೆ ಗೊತ್ತಾಗುವುದಿಲ್ಲ.

ಏನು ನೋಡಬೇಕು ಎನ್ನುವುದಕ್ಕೆ ಒಂದು ಕ್ರಮ ಕೊಟ್ಟವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್. 1974ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಅಳತೆಯೇ ಗ್ಲಾಸ್ಗೋ ಕೋಮಾ ಸ್ಕೇಲ್. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಪ್ರತಿಕ್ರಿಯೆ ಇಲ್ಲದವರಿಗೂ 3 ಸಿಗುತ್ತದೆ. ತಜ್ಞರಷ್ಟೇ ಅಲ್ಲ, ಮಂಚದ ಪಕ್ಕ ಸದಾ ಇರುವ ದಾದಿಯರೂ ಬಳಸುವಷ್ಟು ಸರಳವಾಗಿರಲಿ ಎಂದೇ ಇದನ್ನು ರೂಪಿಸಿದ್ದು. 

ಅಳತೆ ಸರಳ, ಅಳೆಯುವುದು ಸರಳವಲ್ಲ. ‘ಕೈ ಹಿಡಿಯಿರಿ’ ಎಂದಾಗ ರೋಗಿ ಹಿಡಿದರೆ ಮನೆಯವರ ಮುಖ ಅರಳುತ್ತದೆ. ಅನುಭವಿ ಸಿಸ್ಟರ್ ಅಷ್ಟಕ್ಕೇ ಅಂಕ ಕೊಡುವುದಿಲ್ಲ. ಮಿದುಳಿಗೆ ಏಟಾದವರ ಅಂಗೈಗೆ ಬೆರಳು ತಾಕಿದರೆ ಎಳೆಗೂಸಿನ ಹಾಗೆ ಅದು ತಾನಾಗಿ ಮುಚ್ಚಿಕೊಳ್ಳಬಹುದು. ಅದಕ್ಕೇ ‘ಈಗ ಬಿಡಿ’ ಎನ್ನುತ್ತಾರೆ. ಹೇಳಿದಾಗ ಬಿಟ್ಟರೆ ಮಾತು ಒಳಗೆ ಮುಟ್ಟಿದೆ ಎಂದರ್ಥ. ‘ಇದು ಯಾವ ತಿಂಗಳು?’ ಎಂಬ ಪ್ರಶ್ನೆಯೂ ಹಾಗೆಯೇ. ಜೂನ್, ಜುಲೈ ಎಂದು ಎಂದೂ ಲೆಕ್ಕ ಹಾಕದ ಹಳ್ಳಿಯ ಅಜ್ಜಿ ‘ಕಾರಹುಣ್ಣಿಮೆ ಕಳೀತಲ್ಲ ತಂಗಿ’ ಎಂದರೆ ಅದಕ್ಕೆ ಪೂರ್ತಿ ಅಂಕ ಸಲ್ಲಬೇಕು. ಅಂಕಪಟ್ಟಿ ಗ್ಲಾಸ್ಗೋದ್ದಾದರೂ ಉತ್ತರ ನಮ್ಮ ಪಂಚಾಂಗದಿಂದ ಬರುತ್ತದೆ. ಇದು ತಿಳಿಯದ ಕಡೆ ನೆಟ್ಟಗಿರುವ ಅಜ್ಜಿ ಗೊಂದಲದವರಾಗಿ ದಾಖಲಾಗುತ್ತಾರೆ.

ಒಟ್ಟು ಅಂಕವನ್ನಷ್ಟೇ ನೋಡುವುದೂ ಮೋಸ. 15ರಲ್ಲಿದ್ದವರು 13ಕ್ಕೆ ಇಳಿದರೆ ‘13 ಚೆನ್ನಾಗೇ ಇದೆಯಲ್ಲ’ ಎನ್ನುವಂತಿಲ್ಲ, ಇಳಿದದ್ದೇ ಸುದ್ದಿ. ಅದರಲ್ಲೂ ಕೈಕಾಲಿನ ಅಂಕ ಇಳಿದರೆ ವೈದ್ಯರಿಗೆ ತಕ್ಷಣ ಕರೆ ಹೋಗಬೇಕು. ಒಂದು ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದೆ ನಿಂತರೆ, ಸಾಮಾನ್ಯವಾಗಿ ಅದೇ ಪಕ್ಕದ ಮಿದುಳು ಜರುಗಿ ಕಣ್ಣಿನ ನರವನ್ನು ಒತ್ತುತ್ತಿದೆ. ರಕ್ತದೊತ್ತಡ ಏರಿ, ನಾಡಿ ನಿಧಾನವಾಗಿ, ಉಸಿರು ಏರುಪೇರಾಗುವುದು ಇನ್ನೂ ತಡವಾಗಿ ಬರುವ ಲಕ್ಷಣ. ಅಲ್ಲಿಯವರೆಗೆ ಕಾಯುವಂತಿಲ್ಲ.

ಈ ಅಳತೆಗೆ ಸಿಗದ ಕಾಯಿಲೆಗಳೂ ಇವೆ. ಗಿಲಾನ್–ಬಾರೆ ರೋಗದಲ್ಲಿ ಬಲಹೀನತೆ ಕಾಲಿನಿಂದ ಮೇಲೇರುತ್ತದೆ, ಪ್ರಜ್ಞೆ ಪೂರ್ತಿ ಇರುತ್ತದೆ, ಅಂಕ 15ಕ್ಕೆ 15. ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಯಂತ್ರವೂ ಕೊನೆಯ ಗಳಿಗೆಯವರೆಗೆ ಎಲ್ಲ ಸರಿಯಿದೆ ಎನ್ನಬಹುದು. ಉಸಿರಾಟದ ಸ್ನಾಯುಗಳು ಸೋಲುತ್ತಿರುವುದು ಗೊತ್ತಾಗುವುದು ಸಿಸ್ಟರ್ ‘ಒಂದೇ ಉಸಿರಿಗೆ ಎಣಿಸಿ’ ಎಂದಾಗ. ಬೆಳಿಗ್ಗೆ 30ರವರೆಗೆ ಎಣಿಸಿದವರು ಸಂಜೆ 15ಕ್ಕೇ ನಿಂತರೆ ಐಸಿಯು ಹಾಸಿಗೆ ಸಿದ್ಧಮಾಡಬೇಕು. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯ ಬಗ್ಗೆ ನನಗೆ ಅಪಾರ ಗೌರವ.

ಲಕ್ವ ಹೊಡೆದವರ ಆರೈಕೆಯಲ್ಲಿ ದಾದಿಯರ ಕೆಲಸದ ತೂಕ ಎಷ್ಟೆಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 19 ಸ್ಟ್ರೋಕ್ ಘಟಕಗಳಲ್ಲಿ ಪರೀಕ್ಷಿಸಿ ನೋಡಿದರು. ಸ್ಯಾಂಡಿ ಮಿಡಲ್‌ಟನ್ ನೇತೃತ್ವದ ಆ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಲ್ಲಿ ಹೊಸ ಔಷಧ ಯಾವುದೂ ಇರಲಿಲ್ಲ. ಜ್ವರ ಬಂದರೆ ಕೂಡಲೇ ಇಳಿಸುವುದು, ರಕ್ತದ ಸಕ್ಕರೆ ಹತೋಟಿಯಲ್ಲಿಡುವುದು, ನುಂಗಲು ಬರುತ್ತದೆಯೇ ಎಂದು ಪರೀಕ್ಷಿಸುವುದು, ಇಷ್ಟನ್ನೇ ಶಿಸ್ತಾಗಿ ಮಾಡಿಸಿದರು. ತೊಂಬತ್ತು ದಿನಗಳ ನಂತರ, ಮಾಮೂಲಿ ಆರೈಕೆಯ ಘಟಕಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಯಾಗಿ ಉಳಿದವರು ಶೇ 58. ಈ ಶಿಸ್ತು ಪಾಲಿಸಿದ ಘಟಕಗಳಲ್ಲಿ ಶೇ 42. ನಮ್ಮಲ್ಲಿ ಲಕ್ವ ಹೊಡೆದವರ ಬಾಯಿಗೆ ಪ್ರೀತಿಯಿಂದಲೇ ಗಂಜಿಯನ್ನೋ ಕಾಫಿಯನ್ನೋ ಹಾಕುತ್ತೇವೆ. ನುಂಗುವ ಸ್ನಾಯು ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಸಿಸ್ಟರ್ ಪರೀಕ್ಷಿಸಿ ಹೇಳುವವರೆಗೆ ನೀರೂ ಬೇಡ, ಮಾತ್ರೆಯೂ ಬೇಡ.

ಇದನ್ನೆಲ್ಲ ಮಾಡಲು ಕೈಗಳು ಬೇಕು. ಒಬ್ಬರನ್ನು ಸರಿಯಾಗಿ ನೋಡಲು ಐದು ನಿಮಿಷ ಎಂದಿಟ್ಟುಕೊಳ್ಳಿ. ಹತ್ತು ಜನರಿಗೆ ಐವತ್ತು ನಿಮಿಷ. ಒಬ್ಬರೇ ಸಿಸ್ಟರ್ ಇರುವ ಕಡೆ ಅರ್ಧ ಗಂಟೆಗೊಮ್ಮೆ ನೋಡಿ ಎಂದು ಬರೆಯುವುದು ಕಾಗದದ ಆದೇಶವಷ್ಟೆ. ಜೊತೆಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ತಲೆಯ ಕಡೆ ಮಂಚ ಎತ್ತರಿಸಿ ಕುತ್ತಿಗೆ ನೇರವಾಗಿಡಬೇಕು, ಕಫ ಎಳೆಯಬೇಕು. ಹೊಸ ಸ್ಕ್ಯಾನ್ ಯಂತ್ರಕ್ಕೆ ಹಣ ಮಂಜೂರು ಮಾಡುವ ಸಭೆಯಲ್ಲೇ ರಾತ್ರಿಪಾಳಿಯ ಹುದ್ದೆಗಳ ಕಡತವೂ ತೆರೆಯಬೇಕೆಂದು ನಾನು ಕೇಳುತ್ತೇನೆ.

ಮನೆಯವರು ಮಾಡಬಹುದಾದದ್ದೂ ಇದೆ. ರೋಗಿ ಮೊದಲು ಹೇಗಿದ್ದರು ಎಂಬುದು ನಿಮಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ. ಕಿವಿ ಮಂದವೇ? ಮನೆಮಾತು ತುಳುವೋ, ಉರ್ದುವೋ, ಕೊಂಕಣಿಯೋ? ಎಡಗೈ ಬಳಸುವವರೇ? ಕಣ್ಣಿನ ಪೊರೆಯ ಆಪರೇಷನ್ ಆಗಿದೆಯೇ? ಆಗಿದ್ದರೆ ಆ ಪಾಪೆಯ ಆಕಾರ ಬೇರೆಯಾಗಿರಬಹುದು, ಟಾರ್ಚಿನ ಬೆಳಕಿಗೆ ಅದು ಸರಿಯಾಗಿ ಕುಗ್ಗದೆಯೂ ಇರಬಹುದು. ದಾಖಲು ಮಾಡುವಾಗಲೇ ಇಷ್ಟನ್ನು ಸಿಸ್ಟರ್‌ಗೆ ಹೇಳಿ, ಹಾಳೆಯಲ್ಲಿ ಬರೆದುಕೊಳ್ಳಲು ಕೇಳಿ.